ಯಾರ ಮೊಳದಿಂದ ಅಳೆಯುವುದು?

ಕೃಷ್ಣರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಎಂದಿಗೂ ತೀರದ ಜಗಳವೊಂದಿದೆ: ಹೂವನ್ನು ಅಳೆಯುವುದು ಯಾರ ಮೊಳದಿಂದ? ಮಾರುವವಳ ಮೊಳ ಗಿಡ್ಡ, ಕೊಳ್ಳುವವಳ ಮೊಳ ಉದ್ದ. ಊರುಗಳ ನಡುವಿನ ದೂರವನ್ನೂ ಈಗ ಮಾರುವವರ ಮೊಳದಿಂದಲೇ ಅಳೆಯಲಾಗುತ್ತಿದೆ ಎಂಬುದು ನನ್ನ ತಕರಾರು.

ಹುಬ್ಬಳ್ಳಿ ಮತ್ತು ಬೆಳಗಾವಿಯ ವಿಮಾನ ನಿಲ್ದಾಣಗಳನ್ನೇ ತೆಗೆದುಕೊಳ್ಳಿ. 2017ರಲ್ಲಿ ಎರಡಕ್ಕೂ ಹೊಸ ಟರ್ಮಿನಲ್ ಕಟ್ಟಡ ಬಂತು. ಗಣಕಯಂತ್ರವನ್ನು ಕೇಳಿದರೆ, ಅವೆರಡರ ನಡುವೆ ಆಕಾಶದಲ್ಲಿ ಸುಮಾರು 74 ಕಿ.ಮೀ., ರಸ್ತೆಯಲ್ಲಿ ಸುಮಾರು 100 ಕಿ.ಮೀ., ಹಾರಾಟ ಕಾಲು ಗಂಟೆ ಎಂದು ತಟ್ಟನೆ ಹೇಳುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಕಾಗೆಗೆ ಉಪಯೋಗ, ಮನುಷ್ಯನಿಗಲ್ಲ.

ಎರಡು ಬಿಂದುಗಳ ನಡುವಿನ ಅತ್ಯಲ್ಪ ದೂರವೇ ಸರಳರೇಖೆ ಎಂದು ನಿಮಗೆ ಕಲಿಸಿದವನು ನಾನೇ. ಆದರೆ ಪ್ರಯಾಣಿಕನು ಬಿಂದುವಲ್ಲ; ಅವನಿಗೆ ಮನೆಯಿದೆ, ಮೂಟೆಯಿದೆ. ಬೆಳಗಾವಿಯ ಮನೆಯಿಂದ ಊರ ಹೊರಗಿನ ಸಾಂಬ್ರಾ ತಲುಪಿ, ಗಂಟೆಗೂ ಮೊದಲೇ ಸಾಲಿನಲ್ಲಿ ನಿಂತು, ಇಳಿದ ಮೇಲೆ ಮತ್ತೆ ವಾಹನ ಹುಡುಕುವಷ್ಟರಲ್ಲಿ ಕಾರಿನಲ್ಲಿ ಹೊರಟವನು ಹುಬ್ಬಳ್ಳಿಯಲ್ಲಿ ಊಟ ಮುಗಿಸಿರುತ್ತಾನೆ. ಇದು ನೇರ ವಿಮಾನವಿದ್ದರೆ ಮಾತ್ರ. ಬೆಂಗಳೂರಿನ ಮೂಲಕ ಹಾರಿದರೆ, 74 ಕಿ.ಮೀ. ದಾಟಲು 800 ಕಿ.ಮೀ.ಗೂ ಹೆಚ್ಚು ಆಕಾಶ ಸುತ್ತಬೇಕು!

ಚಾಮರಾಜಪೇಟೆಯ ನಮ್ಮ ಬಂಧುಗಳಿಗೆ ಇದು ಹೊಸತಲ್ಲ. 2008ರ ಮೇ ತಿಂಗಳಲ್ಲಿ ವಿಮಾನಗಳು ಹಳೆಯ ಎಚ್‌.ಎ.ಎಲ್‌. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿ ಸೇರಿದವು. ಅಂದಿನಿಂದ ಹುಬ್ಬಳ್ಳಿಗೆ ಹಾರುವ ಒಂದು ಗಂಟೆಗಿಂತ ಮಾರುಕಟ್ಟೆಯಿಂದ ನಿಲ್ದಾಣಕ್ಕಿರುವ ಸುಮಾರು 40 ಕಿ.ಮೀ. ರಸ್ತೆಯೇ ಎಷ್ಟೋ ದಿನ ದೀರ್ಘವಾಗುತ್ತದೆ.

ಹಾಗಾದರೆ ಸಣ್ಣ ನಿಲ್ದಾಣಗಳು ಬೇಡವೇ? ಬೇಕು. ಬೆಳಗಾವಿಯವರು ದೆಹಲಿಗೋ ಹೈದರಾಬಾದಿಗೋ ಹೋಗುವಾಗ ಅವು ದಿನವೊಂದನ್ನು ಉಳಿಸುತ್ತವೆ. ವಿಮಾನವಿರುವುದು ದೂರಕ್ಕೆ. 2016ರಲ್ಲಿ ರೂಪುಗೊಂಡ ಉಡಾನ್ ಯೋಜನೆಯೂ ಗುಡ್ಡಗಾಡು, ದ್ವೀಪಗಳಂಥ ಪ್ರದೇಶಗಳನ್ನು ಬಿಟ್ಟು ಉಳಿದೆಡೆ 200 ಕಿ.ಮೀ.ಗಿಂತ ಹತ್ತಿರದ ಮಾರ್ಗಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನನ್ನ ಆಕ್ಷೇಪವಿರುವುದು ರನ್‌ವೇ ತೋರಿಸಿ, ಊರಿಗೆ ಸಂಪರ್ಕ ಬಂದೇಬಿಟ್ಟಿತೆಂದು ಕೈತೊಳೆದುಕೊಳ್ಳುವವರ ಬಗ್ಗೆ.

ಹತ್ತಿರದ ಊರುಗಳನ್ನು ಬೆಸೆಯಬೇಕಾದದ್ದು ರೈಲು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಬರುವ ಕಕ್ಷಿದಾರರು, ವಿಶ್ವವಿದ್ಯಾಲಯಕ್ಕೆ ಬರುವ ಮಕ್ಕಳು, ಹುಬ್ಬಳ್ಳಿಯ ಆಸ್ಪತ್ರೆಗೆ ಬರುವ ರೋಗಿಗಳು ಯಾರೂ ವಿಮಾನ ಹತ್ತುವವರಲ್ಲ. ರೈಲೋ, ಇಂದಿಗೂ ಲೋಂಡಾ ಸುತ್ತಿಯೇ ಸಾಗುತ್ತದೆ. ಧಾರವಾಡದಿಂದ ಕಿತ್ತೂರಿನ ಮೂಲಕ ಬೆಳಗಾವಿಗೆ ಸುಮಾರು 73 ಕಿ.ಮೀ. ನೇರ ಮಾರ್ಗಕ್ಕಾಗಿ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರು ಶ್ರಮಿಸಿದರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಆ ಹಳಿಯ ಮೇಲೆ ರೈಲು ಇನ್ನೂ ಓಡಿಲ್ಲ. ಆಕಾಶದ 74 ಕಿ.ಮೀ. ಬಗ್ಗೆ ಹೆಮ್ಮೆಪಡುವವರು ನೆಲದ ಈ 73 ಕಿ.ಮೀ.ಗೆ ಏನು ಉತ್ತರ ಕೊಡುತ್ತಾರೆ?

ನಿಮ್ಮಲ್ಲಿ ಎಷ್ಟೋ ಮಂದಿ ಈಗ ಇಂಜಿನಿಯರುಗಳು, ಅಧಿಕಾರಿಗಳು. ದೂರದ ಪಟ್ಟಿ ನಿಮ್ಮ ಮೇಜಿಗೆ ಬಂದಾಗ, ಯಾರ ಮನೆ ಬಾಗಿಲಿನಿಂದ ಯಾರ ಮನೆ ಬಾಗಿಲಿಗೆ ಎಂದು ಕೇಳಿ. ನನ್ನ ಮಾತನ್ನು ಒಪ್ಪದವರು ಬರೆದು ತಿಳಿಸಿ. ಬರೀ ಉತ್ತರಕ್ಕೆ ಅಂಕವಿಲ್ಲ, ಲೆಕ್ಕದ ಕ್ರಮವನ್ನೂ ತೋರಿಸಬೇಕು.