ದುಡಿಮೆ ಅವಳದು, ಚೀಲದ ಮೇಲೆ ಹೆಸರು ಯಾರದು?



ವೈಜ್ಞಾನಿಕ ಬೆಲೆ ಕೊಡಿ ಅಂತ ಸರ್ಕಾರವನ್ನು ಕೇಳುವಾಗ ನಾವು ಒಂದು ಲೆಕ್ಕ ಮುಂದಿಡುತ್ತೇವೆ. ಬೀಜ, ಗೊಬ್ಬರ, ಆಳಿನ ಕೂಲಿ ಮಾತ್ರ ಖರ್ಚಲ್ಲ, ಮನೆಯವರ ದುಡಿಮೆಗೂ ಕೂಲಿ ಕಟ್ಟಿ ಎನ್ನುತ್ತೇವೆ. ನ್ಯಾಯವಾದ ಮಾತೇ. ಆದರೆ ಆ ಮನೆಯವರು ಅಂದರೆ ಯಾರು? ನಮ್ಮ ಹೆಂಗಸರಲ್ಲವೆ? ಅವರ ಕೂಲಿಯನ್ನು ದೆಹಲಿಯಿಂದ ಕೇಳುವ ನಾವು, ಬೆಳೆ ಮಾರಿ ದುಡ್ಡು ಬಂದ ದಿನ ಅವರ ಕೈಗೆ ಎಷ್ಟು ಕೊಟ್ಟಿದ್ದೇವೆ?

ಇದೇ ಪ್ರಶ್ನೆಯನ್ನು ದಕ್ಷಿಣ ಅಮೆರಿಕದ ಪೆರು ದೇಶದ ಹೆಂಗಸರು ಎತ್ತಿದರು. ಅಲ್ಲಿನ ಉತ್ತರದ ಬೆಟ್ಟಸೀಮೆಯಲ್ಲಿ ಸಣ್ಣ ಹಿಡುವಳಿಯ ಕಾಫಿ ಬೆಳೆಗಾರರಿದ್ದಾರೆ. ಹಣ್ಣು ಕುಯ್ಯುವುದು, ಒಣಗಿಸುವುದು, ಆರಿಸುವುದು ಹೆಂಗಸರ ಕೆಲಸ. ಮಾರುವುದು, ದುಡ್ಡು ಎಣಿಸುವುದು ಗಂಡಸರ ಕೆಲಸ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದ ಮೇಲೆ ಬೆಲೆಗೆ ಹಿಡಿತವೇ ತಪ್ಪಿತು. 2001ರಲ್ಲಂತೂ ನ್ಯೂಯಾರ್ಕ್ ಪೇಟೆಯಲ್ಲಿ ಒಂದು ಪೌಂಡು ಕಾಫಿ 50 ಸೆಂಟಿಗಿಂತ ಕೆಳಗೆ ಇಳಿಯಿತು. ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರಿಗೆ ಆ ದಿನಗಳ ನೆನಪು ಹೇಳಬೇಕಾಗಿಲ್ಲ.

ಆ ಕಷ್ಟದ ಕಾಲದಲ್ಲೇ, 2003ರಲ್ಲಿ, ಪೆರುವಿನ 464 ಹೆಂಗಸರು ಕೂಡಿ ಒಂದು ತೀರ್ಮಾನ ಮಾಡಿದರು. ನಾವು ಬೆಳೆದ ಕಾಫಿಯನ್ನು ಗಂಡಸರ ಕಾಫಿಯ ಜೊತೆ ಬೆರೆಸುವುದಿಲ್ಲ, ನಮ್ಮದನ್ನು ಬೇರೆ ಚೀಲ ಕಟ್ಟಿ ಮಾರುತ್ತೇವೆ ಎಂದರು. ಚೀಲಕ್ಕೆ ‘ಕೆಫೆ ಫೆಮೆನಿನೊ’ ಎಂದು ಹೆಸರಿಟ್ಟರು. ಹೆಣ್ಣಿನ ಕಾಫಿ ಅಂತ ಅರ್ಥ. ಕೊಳ್ಳುವವರು ಮಾಮೂಲು ಬೆಲೆಯ ಮೇಲೆ ಇಷ್ಟು ಅಂತ ಹೆಚ್ಚಿಗೆ ಕೊಡಬೇಕು, ಅದು ನೇರವಾಗಿ ಹೆಂಗಸರಿಗೇ ಸೇರಬೇಕು. ಉಳುವ ಭೂಮಿಯ ಮೇಲೆ ಹೆಂಗಸಿಗೆ ಕಾನೂನಿನ ಹಕ್ಕಿರಬೇಕು. ಆಮೇಲೆ ಬೊಲಿವಿಯಾ, ಗ್ವಾಟೆಮಾಲಾ, ಮೆಕ್ಸಿಕೋ ದೇಶಗಳ ಹೆಂಗಸರೂ ಇದೇ ದಾರಿ ಹಿಡಿದರು.

ಗಂಡ ಹೆಂಡತಿ ಬೇರೆ ಬೇರೆ ಚೀಲ ಕಟ್ಟಿದರೆ ಸಂಸಾರ ಒಡೆಯೋದಿಲ್ಲವೆ ಅಂತ ನೀವು ಕೇಳಬಹುದು. ಅವರು ಬೇರೆ ಮಾಡಿದ್ದು ಚೀಲವನ್ನು, ಒಲೆಯನ್ನಲ್ಲ. ಇನ್ನೊಂದು ಮಾತೂ ನಿಜ. ಹೆಚ್ಚಿಗೆ ಸಿಗುವ ಆ ಕೆಲವು ಕಾಸಿನಿಂದ ಪೇಟೆ ಬೆಲೆ ಬದಲಾಗೋದಿಲ್ಲ. ಅದು ಆಗಲೂ ನ್ಯೂಯಾರ್ಕಿನಲ್ಲೇ ಗೊತ್ತಾಗುತ್ತಿತ್ತು, ಈಗಲೂ ಅಲ್ಲೇ. 2025ರ ಫೆಬ್ರವರಿಯಲ್ಲಿ ಅದೇ ಒಂದು ಪೌಂಡು 4 ಡಾಲರ್ ದಾಟಿತು. ಬೆಲೆ ಏರಲಿ ಇಳಿಯಲಿ, ಬಂದದ್ದು ಯಾರ ಕೈ ಸೇರುತ್ತದೆ ಅನ್ನೋದನ್ನು ಮಾತ್ರ ನಾವೇ ತೀರ್ಮಾನಿಸಬಹುದು.

ಈಗ ನಮ್ಮ ಮನೆ ನೋಡಿ. ಪಹಣಿ ಗಂಡನ ಹೆಸರಲ್ಲಿ. ಸೊಸೈಟಿ ಷೇರು ಗಂಡನ ಹೆಸರಲ್ಲಿ. ಬೆಳೆ ಸಾಲ, ಬೆಳೆ ಪರಿಹಾರ ಬರೋದೂ ಪಹಣಿಯ ಹೆಸರಿಗೇ. ಆದರೆ ವಾರವಾರ ಕಂತು ಕಟ್ಟುವ ಮೈಕ್ರೋ ಫೈನಾನ್ಸ್ ಸಾಲ? ಅದು ಹೆಂಡತಿಯ ಹೆಸರಲ್ಲಿ! ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಭೂಮಿಗೆ ಒಡೆಯ ಅವನು, ಸಾಲಕ್ಕೆ ಒಡತಿ ಇವಳು. ಇದು ಎಲ್ಲಿಯ ನ್ಯಾಯ? ಗಂಡ ಕಣ್ಣುಮುಚ್ಚಿದರಂತೂ ಖಾತೆಗಾಗಿ ಅವಳು ಕಚೇರಿ ಅಲೆಯಬೇಕು, ಸಾಲಗಾರರು ಮಾತ್ರ ನೆಟ್ಟಗೆ ಅವಳ ಬಾಗಿಲಿಗೇ ಬರುತ್ತಾರೆ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 1994ರಲ್ಲೇ ನಮ್ಮ ರಾಜ್ಯ ಕಾನೂನು ಮಾಡಿತು, 2005ರಲ್ಲಿ ದೇಶಕ್ಕೇ ಬಂತು. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸೋದು ನಿಂತಿಲ್ಲ.

ಬೆಲೆಗಾಗಿ ಹೋರಾಟ ಮಾಡೋಣ, ಬಿಡೋದು ಬೇಡ. ಅದರ ಜೊತೆಗೇ ಸರ್ಕಾರವನ್ನು ಕಾಯದೆ ಆಗುವ ಕೆಲಸ ಎರಡಿವೆ. ಮನೆಯಾಕೆಯ ಹೆಸರನ್ನು ಪಹಣಿಗೆ ಜಂಟಿಯಾಗಿ ಸೇರಿಸಿ. ಸೊಸೈಟಿಯಲ್ಲಿ ಅವಳಿಗೂ ಷೇರು ಕೊಡಿಸಿ, ಸಭೆಗೆ ಕರೆತನ್ನಿ. ಮುಂದಿನ ಸುಗ್ಗಿಯಲ್ಲಿ ಊರಿನ ಹೆಂಗಸರು ಕೂಡಿ ತಮ್ಮ ಚೀಲ ತಾವೇ ತೂಗಿಸಲಿ, ದುಡ್ಡು ಅವರ ಪಾಸ್‌ಬುಕ್ಕಿಗೆ ಬರಲಿ. ಮನೆಯವರ ದುಡಿಮೆಗೆ ಕೂಲಿ ಕೊಡಿ ಅಂತ ಆಮೇಲೆ ದೆಹಲಿಯನ್ನು ಕೇಳಿದರೆ ನಮ್ಮ ಮಾತಿಗೂ ಒಂದು ತೂಕ ಇರುತ್ತದೆ.