ಹೆದರಿ ಓಡಿದರಂತೆ!

‘ಸಂಬಳ ತೆಗೆದುಕೊಳ್ಳುವಾಗ ಬೇಕಿತ್ತು, ಕಾಯಿಲೆ ಬಂದಾಗ ಕೆಲಸ ಬೇಡವಾಯಿತಾ?’ ಕೊರೊನಾ ಕಾಲದಲ್ಲಿ ಕೆಲಸ ಬಿಡಲು ಹೊರಟ ನರ್ಸುಗಳ ಬಗ್ಗೆ ಮಂಗಳೂರಿನಲ್ಲಿ ಈ ಮಾತು ಎಷ್ಟು ಸಲ ಕೇಳಿದೆನೋ. ಹೇಳಿದವರೆಲ್ಲ ಆಗ ಗೇಟಿಗೆ ಬೀಗ ಜಡಿದು ಹಾಲಿನ ಪ್ಯಾಕೆಟನ್ನೂ ಸಾಬೂನು ಹಾಕಿ ತೊಳೆಯುತ್ತಿದ್ದವರು. ನಾನೂ ತೊಳೆದಿದ್ದೇನೆ, ಇರಲಿ.

ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ನರ್ಸೊಬ್ಬರಿದ್ದರು. ಮೇ ತಿಂಗಳ ನಮ್ಮೂರಿನ ಸೆಖೆ ಗೊತ್ತಲ್ಲ, ಫ್ಯಾನಿನಡಿ ಕೂತರೂ ಮೈ ಒದ್ದೆ. ಆ ಸೆಖೆಯಲ್ಲಿ ಪಿಪಿಇ ಕಿಟ್ ಹಾಕಿಕೊಂಡರೆ ಆರು ಗಂಟೆ ನೀರಿಲ್ಲ, ಶೌಚಾಲಯವಿಲ್ಲ. ಗ್ಲೌಸ್ ಕಳಚಿದಾಗ ಬೆರಳ ತುದಿ ನೆನೆಸಿದ ಅವಲಕ್ಕಿಯಂತೆ ಬಿಳಿಚಿರುತ್ತದೆಂದು ನಗುತ್ತಲೇ ಹೇಳುತ್ತಿದ್ದರು. ‘ಬಿಟ್ಟುಬಿಡ್ತೇನೆ ಅಕ್ಕ’ ಎಂದದ್ದು, ಬಾವಿಯ ಹಗ್ಗ ಮುಟ್ಟಬೇಡಿ ಎಂದು ಮನೆಯ ಯಜಮಾನರು ಹೇಳಿದ ದಿನ.

ಯಜಮಾನರೊಬ್ಬರನ್ನೇ ದೂರಿ ಏನು? 2020ರ ಏಪ್ರಿಲ್‌ನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಕೊರೊನಾದಿಂದ ತೀರಿಕೊಂಡ ಬಂಟ್ವಾಳದ ಮಹಿಳೆಯ ದಹನಕ್ಕೆ ಮಂಗಳೂರಿನ ಪಚ್ಚನಾಡಿಯಲ್ಲಿ ಜನ ಅಡ್ಡ ನಿಂತರು. ಕೊನೆಗೆ ಬಂಟ್ವಾಳದ ಕೈಕುಂಜೆಗೆ ಒಯ್ದರೆ ಅಲ್ಲೂ ತಕರಾರು. ಹೆಣಕ್ಕೇ ಹೀಗೆ ಮಾಡಿದ ಊರು ಆ ಹೆಣವನ್ನು ಸುತ್ತಿ ಕಟ್ಟಿಕೊಟ್ಟವರನ್ನು ಹೇಗೆ ನಡೆಸಿಕೊಂಡೀತು?

ಸರ್ಕಾರದ ಕಥೆ ಇನ್ನೊಂದು. ಅದೇ ವರ್ಷ ಆರೋಗ್ಯ ಸಿಬ್ಬಂದಿಗೆಂದು ಮಾರ್ಚ್ 22ಕ್ಕೆ ಚಪ್ಪಾಳೆ, ಮೇ 3ಕ್ಕೆ ಹೆಲಿಕಾಪ್ಟರಿನಿಂದ ಹೂಮಳೆ. ಜುಲೈಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ರಾಜ್ಯದ ಸುಮಾರು 30,000 ಗುತ್ತಿಗೆ ಆರೋಗ್ಯ ನೌಕರರು ಮುಷ್ಕರಕ್ಕಿಳಿದರು. ಖಾಯಂ ನೌಕರರ ಪಕ್ಕದಲ್ಲೇ ನಿಂತು ಅದೇ ಗಂಟಲ ದ್ರವ ತೆಗೆದವರು ಸಮಾನ ವೇತನ, ಕೆಲಸದ ಭದ್ರತೆ ಕೇಳಿದ್ದರು, ಅಷ್ಟೇ. ಸತ್ತರೆ 50 ಲಕ್ಷದ ವಿಮೆ ಇತ್ತು, ಬದುಕಿ ಉಳಿದವರಿಗೆ ಮತ್ತೆ ಗುತ್ತಿಗೆಯೇ ಗತಿ. ಆ ಬೇಡಿಕೆಯ ಬೆನ್ನಿಗೆ ಆರು ತಿಂಗಳ ದುಡಿಮೆಯಿತ್ತು. ಹೆದರಿದವರಾಗಿದ್ದರೆ ಮಾರ್ಚಿನಲ್ಲೇ ಹೋಗಿರುತ್ತಿದ್ದರು.

ಎಲ್ಲರೂ ಬಿಟ್ಟು ಹೋದರೆ ರೋಗಿಯ ಗತಿಯೇನು ಎಂಬ ಪ್ರಶ್ನೆ ಸುಳ್ಳಲ್ಲ. ಆದರೆ ಅದನ್ನು ಕೇಳಬೇಕಾದ್ದು ಎರಡು ಪಾಳಿಯ ಕೆಲಸವನ್ನು ಒಬ್ಬರ ತಲೆಗೆ ಕಟ್ಟುವ ಆಡಳಿತವನ್ನು. ಜನ ಸಿಗುವುದಿಲ್ಲ ಎನ್ನುವಂತಿಲ್ಲ, ನರ್ಸಿಂಗ್ ಕಾಲೇಜುಗಳಿಗೆ ಈ ಊರಲ್ಲಿ ಬರವಿಲ್ಲ. ಕಲಿತವರು ಕೊಲ್ಲಿಯ ವಿಮಾನ ಹತ್ತುತ್ತಾರೆ, ನಾವು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ.

ಬಾವಿಯ ಹಗ್ಗ ಬಿಟ್ಟ ಆ ನರ್ಸ್ ಈಗ ಕುವೈತ್‌ನಲ್ಲಿದ್ದಾರೆ. ಐಸಿಯು ಡ್ಯೂಟಿ.