ನೊಯ್ಡಾ ಜೋಡಿ ಕೊಲೆ: ಒಂದು ಗಂಟೆಯಲ್ಲಿ ಮುಗಿಯದ ಎಪಿಸೋಡು

ಕ್ರೈಂ ಸೀರಿಯಲ್ ಅಂದ್ರೆ ಗೊತ್ತಲ್ಲ, ಕೊನೇ ಬ್ರೇಕ್ ಆದಮೇಲೆ ಕೈಕೋಳ ಬೀಳಲೇಬೇಕು. 2008ರ ನೊಯ್ಡಾ ಜೋಡಿ ಕೊಲೆಯ ಛಾಯೆಯಿರುವ ಕಥೆಗಳನ್ನು ನೋಡುವಾಗೆಲ್ಲ ನನ್ನನ್ನು ಕಾಡುವುದು ಇದೇ. ಆ ಪ್ರಕರಣಕ್ಕೆ ಕೊನೇ ಸೀನೇ ಇಲ್ಲ.

ಮೇ 16ರ ಬೆಳಿಗ್ಗೆ ಹದಿಮೂರರ ಹುಡುಗಿಯ ಶವ ಸಿಕ್ಕಿತು. ಮನೆಗೆಲಸದ ನೇಪಾಳಿ ವ್ಯಕ್ತಿ ಕಾಣಲಿಲ್ಲ. ಅವನೇ ಕೊಂದು ಓಡಿಹೋದ ಅಂತ ಪೊಲೀಸರು ಅಂದೇ ತೀರ್ಮಾನಿಸಿಬಿಟ್ಟರು. ಮರುದಿನ ನೋಡಿದರೆ ಆತನ ಹೆಣ ಅದೇ ಮನೆಯ ತಾರಸಿಯಲ್ಲಿತ್ತು! ಬೀಗ ಹಾಕಿದ್ದ ಬಾಗಿಲನ್ನು ಮೊದಲ ದಿನವೇ ಒಡೆದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಕೆಲಸದವರ ಮೇಲೆ ಅನುಮಾನ ಪಡೋಕೆ ಸಾಕ್ಷಿ ಯಾಕೆ ಬೇಕು, ಅಲ್ವಾ? ಅಷ್ಟರಲ್ಲಿ ಮನೆ ತುಂಬ ಜನ ಓಡಾಡಿ ಸಾಕ್ಷ್ಯವೂ ಹಾಳಾಗಿತ್ತು.

ಆಮೇಲೆ ಚಾನೆಲ್ಲುಗಳು ಅಪ್ಪ-ಅಮ್ಮನನ್ನು ಹಿಡಿದವು. 2010ರಲ್ಲಿ ಸಿಬಿಐ ಮುಕ್ತಾಯ ವರದಿ ಕೊಟ್ಟರೆ ಕೋರ್ಟು ಒಪ್ಪಲಿಲ್ಲ. 2013ರಲ್ಲಿ ಜೀವಾವಧಿ, 2017ರಲ್ಲಿ ಅಲಹಾಬಾದ್ ಹೈಕೋರ್ಟಿನಿಂದ ಖುಲಾಸೆ. ‘ತಲ್ವಾರ್’ ಸಿನಿಮಾ ಅದೇ ರಾತ್ರಿಯನ್ನು ಬೇರೆ ಬೇರೆ ಥರ ತೋರಿಸಿತು. ಅದರ ಒಲವು ಹೆತ್ತವರ ಕಡೆಗೇ, ಆದರೂ ಸೀರಿಯಲ್ಲುಗಳಿಗಿಂತ ಪ್ರಾಮಾಣಿಕ.

ಖುಲಾಸೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಆ ಕೆಲಸದಾತನ ಹೆಂಡತಿಯೂ ಒಬ್ಬರು. ಅವರ ಮನೆಯಿಂದ ಶುರುವಾಗುವ ಎಪಿಸೋಡನ್ನು ನಾನಂತೂ ಇನ್ನೂ ನೋಡಿಲ್ಲ.